ಗಾಳಿ ಬಿಡ್ರಿ, ಗಾಲಿ ಹಿಡೀರಿ

ಹೊರ್ತಿ ದಾಟಿದ ಮೇಲೆ ಗಾಳಿ ಎಡಗಡೆಯಿಂದ ಹೊಡೆಯೋಕೆ ಶುರುವಾಯಿತು. ಜುಲೈ ತಿಂಗಳು, ಬೆಳಿಗ್ಗೆ ಏಳು ಗಂಟೆ. ವಿಜಯಪುರದಿಂದ ಸೊಲ್ಲಾಪುರದ ಕಡೆ ಹೋಗುವ ಹೆದ್ದಾರಿ. ಈ ರಸ್ತೆ ಹೆಚ್ಚುಕಮ್ಮಿ ಉತ್ತರಕ್ಕೆ ಮುಖ ಮಾಡಿದೆ. ಮುಂಗಾರಿನ ಗಾಳಿ ಬರುವುದು ಪಡುವಣದಿಂದ. ಮಧ್ಯೆ ತಡೆಯಲು ಏನೂ ಇಲ್ಲ. ಎರೆಹೊಲ, ಅಲ್ಲೊಂದು ಇಲ್ಲೊಂದು ಬೇವು, ಜಾಲಿ, ಅಷ್ಟೇ.

ನನ್ನ ಮುಂದೆ ಏಳು ಹುಡುಗರು. ಹದಿನಾರರಿಂದ ಹತ್ತೊಂಬತ್ತರ ಒಳಗಿನವರು. ಅಕ್ಕನ ಮನೆಗೆ ಹೋಗುವಾಗ ನಾನು ಬೆಂಗಳೂರಿನಿಂದ ಸೈಕಲ್ಲನ್ನೂ ಬಸ್ಸಿಗೆ ಹಾಕಿಕೊಂಡು ಹೋಗುತ್ತೇನೆ. ಆ ಸಲ ಪರಿಚಯದವರೊಬ್ಬರು ಹೇಳಿದ್ದರಿಂದ, ಅಲ್ಲಿ ರೇಸಿಗೆ ತಯಾರಾಗುತ್ತಿರುವ ಹುಡುಗರ ಜೊತೆ ಒಂದು ದಿನ ಹೋಗಲು ಅವಕಾಶ ಸಿಕ್ಕಿತ್ತು. ಹಿಂದೆ ಬೈಕಿನಲ್ಲಿ ಅವರ ಕೋಚ್.

ನನ್ನ ಮುಂದಿನ ಹುಡುಗನ ಹಿಂಬದಿ ಗಾಲಿಗೆ ಸರಿಯಾಗಿ ನೇರ ಹಿಂದೆ ನನ್ನ ಗಾಲಿ ಇಟ್ಟಿದ್ದೆ. ಬೆಂಗಳೂರಿನಲ್ಲಿ ಕಲಿತದ್ದೇ ಹಾಗೆ. ಆದರೂ ಎದೆ ಬಡಿತ 175 ದಾಟಿತ್ತು. ಆ ಹುಡುಗನಿಗೆ ಮಾತಾಡುವಷ್ಟು ಉಸಿರು ಇತ್ತು, ನನಗೆ ನೀರಿನ ಬಾಟಲಿ ತೆಗೆಯುವಷ್ಟೂ ಇರಲಿಲ್ಲ. ಇನ್ನು ಎರಡು ನಿಮಿಷ, ಆಮೇಲೆ ಬಿಟ್ಟುಬಿಡುತ್ತೇನೆ ಅಂದುಕೊಂಡೆ. ಅಷ್ಟರಲ್ಲಿ ಕೋಚ್ ಬೈಕನ್ನು ಪಕ್ಕಕ್ಕೆ ತಂದರು.

"ಸರ್, ಗಾಳಿ ಬಿಡ್ರಿ, ಗಾಲಿ ಹಿಡೀರಿ. ಬಲಕ್ಕ ಸರೀರಿ. ಇನ್ನೂ ಸರೀರಿ."

ಸರಿದೆ. ನನ್ನ ಮುಂದಿನ ಗಾಲಿ ಆ ಹುಡುಗನ ಹಿಂದಿನ ಗಾಲಿಯ ಬಲಪಕ್ಕಕ್ಕೆ ಬಂತು. ಇನ್ನೊಂದು ಗೇಣು ಸರಿದೆ. ಆಗ ಕಿವಿಯಲ್ಲಿ ಅಷ್ಟು ಹೊತ್ತೂ ಭೋರ್ ಅನ್ನುತ್ತಿದ್ದ ಸದ್ದು ನಿಂತುಹೋಯಿತು. ಬಾಗಿಲು ಮುಚ್ಚಿದ ಹಾಗೆ. ಹುಡುಗನ ಚೈನಿನ ಸದ್ದು ಕೇಳಿಸಿತು, ಟೈರು ಡಾಂಬರಿನ ಮೇಲೆ ಉರುಳುವ ಸದ್ದು ಕೇಳಿಸಿತು. ಕಾಲು ಅದೇ ವೇಗದಲ್ಲಿ ಸುತ್ತುತ್ತಿತ್ತು, ಆದರೆ ಪೆಡಲ್ ಹಗುರ. ಅರ್ಧ ನಿಮಿಷದಲ್ಲಿ ಬಾಟಲಿ ತೆಗೆದು ನೀರು ಕುಡಿದೆ.

ಗಾಳಿ, ಗಾಲಿ. ಆರು ವರ್ಷದಿಂದ ರೇಸ್ ಸೈಕಲ್ ತುಳಿಯುತ್ತಿದ್ದೇನೆ. ಓದಿದ್ದು, ವಿಡಿಯೋ ನೋಡಿದ್ದು, ಮೀಟರಿನ ಅಂಕಿ ಬರೆದಿಟ್ಟದ್ದು ಬೇಕಾದಷ್ಟಿದೆ. ಅದೆಲ್ಲವೂ ಆ ಒಂದು ಮಾತಿನ ಸುತ್ತಲೇ ಸುತ್ತುತ್ತದೆ ಅಂತ ಈಗ ಅನ್ನಿಸುತ್ತದೆ.

ಸೈಕಲ್ ರೇಸ್ ಅಂದರೆ ಕಾಲಿನ ಬಲದ ಆಟ ಅಂತ ಹೊರಗಿನವರು ತಿಳಿಯುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಆದರೆ ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವಾಗ, ನಾವು ಹಾಕುವ ಶಕ್ತಿಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಹೋಗುವುದು ಗಾಳಿಯನ್ನು ಸೀಳೋದಕ್ಕೆ. ಸೈಕಲ್ಲಿನ ತೂಕ, ಟೈರಿನ ಎಳೆತ, ಚೈನಿನ ಎಣ್ಣೆ, ಇವೆಲ್ಲ ಉಳಿದ ಪಾಲಿಗೆ ಬರುವ ಖರ್ಚು. ಇನ್ನೊಂದು ಲೆಕ್ಕ ನೋಡಿ. ಗಾಳಿಗೆ ಬೇಕಾದ ಶಕ್ತಿ ವೇಗದ ಜೊತೆ ಸಮಸಮವಾಗಿ ಏರುವುದಿಲ್ಲ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು ಬೇಕು. 30ರಿಂದ 40ಕ್ಕೆ ಏರಿಸಿದರೆ ವೇಗ ಹೆಚ್ಚಿದ್ದು ಮೂರನೇ ಒಂದು ಪಾಲು, ಗಾಳಿಗೆ ಕಟ್ಟುವ ಕಂದಾಯ ಮಾತ್ರ ಎರಡೂ ಕಾಲು ಪಟ್ಟಿಗಿಂತ ಜಾಸ್ತಿ. ಅದಕ್ಕೇ ಒಬ್ಬನೇ ಜೋರಾಗಿ ಹೋಗಿ ಎಲ್ಲರನ್ನೂ ಬಿಟ್ಟುಬರುವುದು ಅಷ್ಟು ಕಷ್ಟ.

ಒಬ್ಬನ ಹಿಂದೆ ಅಂಟಿಕೊಂಡು ಹೋದರೆ ಸುಮಾರು ಮೂರನೇ ಒಂದು ಪಾಲು ಶ್ರಮ ಉಳಿಯುತ್ತದೆ. ದೊಡ್ಡ ಗುಂಪಿನ ಒಳಗಿದ್ದರೆ ಉಳಿಯುವುದು ಇನ್ನೂ ಜಾಸ್ತಿ. 2018ರಲ್ಲಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದ ಬರ್ಟ್ ಬ್ಲೋಕನ್ ಮತ್ತು ಜೊತೆಗಾರರು 121 ಸವಾರರ ಗುಂಪನ್ನು ಲೆಕ್ಕಕ್ಕೆ ತೆಗೆದುಕೊಂಡರು. ಕಂಪ್ಯೂಟರಿನಲ್ಲೂ ನೋಡಿದರು, ಸಣ್ಣ ಬೊಂಬೆಗಳನ್ನು ಮಾಡಿಸಿ ಗಾಳಿ ಸುರಂಗದಲ್ಲಿ ಜೋಡಿಸಿಯೂ ನೋಡಿದರು. ಗುಂಪಿನ ನಡು ಮತ್ತು ಹಿಂಭಾಗದಲ್ಲಿರುವ ಸವಾರನಿಗೆ ಬಡಿಯುವ ಗಾಳಿ, ಒಂಟಿಯಾಗಿ ಹೋಗುವವನಿಗೆ ಬಡಿಯುವುದರ ಶೇಕಡಾ 5ರಿಂದ 10 ಮಾತ್ರ ಅಂತ ಗೊತ್ತಾಯಿತು. ಅಂದರೆ ಅಲ್ಲಿ ಕೂತವನು ಒಂಟಿ ಸವಾರನ ಅರ್ಧಕ್ಕೂ ಎಷ್ಟೋ ಕಡಿಮೆ ಖರ್ಚಿನಲ್ಲಿ ಅದೇ ವೇಗದಲ್ಲಿ ಹೋಗುತ್ತಿರುತ್ತಾನೆ.

ಇದು ಗೊತ್ತಿಲ್ಲದೆ ನಾನು ಮೊದಲ ರೇಸಿಗೆ ಹೋಗಿದ್ದೆ. ಬೆಂಗಳೂರಿನ ಹೊರಗೆ, 60 ಕಿಲೋಮೀಟರ್, ನಮ್ಮಂಥ ಹವ್ಯಾಸಿಗಳಿಗೆ. ಬಾವುಟ ಬಿದ್ದ ತಕ್ಷಣ ಮುಂದೆ ಹೋದೆ. ಯಾರೂ ದಾಟಲಿಲ್ಲ. ಹತ್ತು ಕಿಲೋಮೀಟರ್ ಕಳೆದರೂ ನಾನೇ ಮುಂದೆ. ತಿರುಗಿ ನೋಡಿದರೆ ಉದ್ದಕ್ಕೆ ಸಾಲು, ಎಲ್ಲರೂ ತಲೆ ತಗ್ಗಿಸಿಕೊಂಡು ಸುಮ್ನೆ ಬರುತ್ತಿದ್ದಾರೆ. ಇವತ್ತು ನನ್ನ ದಿನ ಅಂತ ಎದೆ ತುಂಬಿ ಬಂತು. ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ಹೀಗೇ ಹೋಯಿತು. ಕೊನೆಯ ಎರಡು ಕಿಲೋಮೀಟರ್ ಇರುವಾಗ ಬಲಗಡೆಯಿಂದ ಒಬ್ಬ ಹೋದ, ಅವನ ಹಿಂದೆ ಇನ್ನೊಬ್ಬ, ಆಮೇಲೆ ಇಡೀ ಸಾಲು. ಎದ್ದು ನಿಂತು ತುಳಿದೆ. ತೊಡೆಯಲ್ಲಿ ಏನೂ ಉಳಿದಿರಲಿಲ್ಲ. 31ನೆಯವನಾಗಿ ಮುಗಿಸಿದೆ.

ಅವತ್ತು ಗೆದ್ದವನು ಬಂದು ಕೈ ಕುಲುಕಿ ಥ್ಯಾಂಕ್ಸ್ ಹೇಳಿದ. ಮನಃಪೂರ್ವಕವಾಗಿಯೇ ಹೇಳಿದ. ಅವನನ್ನು ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ಹೊತ್ತು ತಂದವನು ನಾನು ಅನ್ನುವುದು ಅರ್ಥ ಆಗಲು ನನಗೆ ಒಂದು ವಾರ ಬೇಕಾಯಿತು.

ಅರ್ಥ ಆದ ಮೇಲೆ ಮಾಡಿದ ಮೊದಲ ಕೆಲಸ ತರಬೇತಿ ಜಾಸ್ತಿ ಮಾಡಿದ್ದು. ಅದೂ ತಪ್ಪಾಯಿತು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ನನ್ನ ಸುತ್ತ ಸೈಕಲ್ ತುಳಿಯುವ ಹತ್ತು ಜನರಲ್ಲಿ ಏಳೆಂಟು ಜನ ಇದೇ ಗುಂಡಿಯಲ್ಲಿ ಬೀಳುವುದನ್ನು ನೋಡುತ್ತಿದ್ದೇನೆ.

ಬೆಂಗಳೂರಿನ ಸೈಕಲ್ ಸವಾರರಿಗೆ ನಂದಿ ಬೆಟ್ಟ ಅಂದರೆ ಪರೀಕ್ಷೆ ಹಾಲ್ ಇದ್ದ ಹಾಗೆ. 1478 ಮೀಟರ್ ಎತ್ತರದ ಬೆಟ್ಟ, ಬುಡದಿಂದ ಏಳು ಕಿಲೋಮೀಟರ್ ಮೇಲಿನ ಏರು. ತಿರುವಿನ ಮೇಲೆ ತಿರುವು. ಮೊದಲು ಹದವಾಗಿ ಏರುತ್ತದೆ, ಕೊನೆಗೆ ಹೋದಷ್ಟೂ ಕಡಿದಾಗುತ್ತದೆ. ಎಷ್ಟು ನಿಮಿಷದಲ್ಲಿ ಹತ್ತಿದೆ ಅನ್ನೋದೇ ನಮ್ಮ ಜಾತಕ. ನಾನು ಒಂದೂವರೆ ವರ್ಷ ಪ್ರತಿ ಭಾನುವಾರ ಅಲ್ಲಿಗೆ ಹೋಗಿ ಜೀವ ಬಿಟ್ಟು ಹತ್ತಿದೆ. ವಾರದ ನಡುವೆ ಊರೊಳಗೆ ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಲಾರಿಗಳು ಇಳಿಯುವ ಮೊದಲು ರಿಂಗ್ ರಸ್ತೆಯಲ್ಲಿ ಜೋರಾಗಿ ಒಂದು ಗಂಟೆ. ಯಾವ ದಿನವೂ ತೀರಾ ಸುಲಭ ಅಲ್ಲ, ಯಾವ ದಿನವೂ ನಿಜವಾಗಿ ಕಠಿಣ ಅಲ್ಲ. ಎಲ್ಲ ದಿನವೂ ಒಂದೇ ಥರ ಸುಸ್ತು. ಒಂದೂವರೆ ವರ್ಷದಲ್ಲಿ ನಂದಿಯ ನನ್ನ ಸಮಯ ಇಳಿದದ್ದು 40 ಸೆಕೆಂಡ್.

ನಾರ್ವೆಯಲ್ಲಿ ಕೆಲಸ ಮಾಡುವ ಸ್ಟೀಫನ್ ಸೈಲರ್ ಅನ್ನುವ ಸಂಶೋಧಕ ಇದ್ದಾರೆ. ಓಟ, ಸ್ಕೀಯಿಂಗ್, ದೋಣಿ, ಸೈಕಲ್, ಹೀಗೆ ತಾಳಿಕೆಯ ಆಟಗಳಲ್ಲಿ ಜಗತ್ತಿನ ಮೇಲ್ಮಟ್ಟದವರು ನಿಜವಾಗಿ ಏನು ಮಾಡುತ್ತಾರೆ ಅಂತ ಅವರ ಡೈರಿಗಳನ್ನು ನೋಡಿದರು. ಹತ್ತು ಸಲದಲ್ಲಿ ಎಂಟು ಸಲ ಅವರದ್ದು ಸುಲಭದ ತರಬೇತಿ. ಹರಟೆ ಹೊಡೆಯುತ್ತಾ ಮಾಡಬಹುದಾದಷ್ಟು ಸುಲಭ. ಉಳಿದ ಎರಡು ಸಲ ಮಾತ್ರ ತೀರಾ ಕಠಿಣ. ನಡುವಿನದ್ದು ಬಹಳ ಕಮ್ಮಿ. ನಾನು ಇದಕ್ಕೆ ಸರಿಯಾಗಿ ಉಲ್ಟಾ ಮಾಡುತ್ತಿದ್ದೆ. ನನ್ನ ಬದುಕೆಲ್ಲ ನಡುವಿನಲ್ಲೇ.

ನಿಧಾನವಾಗಿ ಹೋಗುವುದು ಎಷ್ಟು ಕಷ್ಟ ಗೊತ್ತಾ? ದೇವನಹಳ್ಳಿ ಆಚೆಯ ರಸ್ತೆಯಲ್ಲಿ ಎರಡೂವರೆ ಗಂಟೆ, ಎದೆ ಬಡಿತ 135 ದಾಟದ ಹಾಗೆ. ಹಿಂದಿನಿಂದ ಬಂದವರು ದಾಟಿಕೊಂಡು ಹೋಗುತ್ತಾರೆ. ಅವರ ಹಿಂದೆ ಹೋಗಬೇಕು ಅಂತ ಕಾಲು ತುಡಿಯುತ್ತದೆ. ಬಿಡಬೇಕು. ಸಣ್ಣ ಏರು ಬಂದರೆ ಗೇರ್ ಇಳಿಸಬೇಕು. ಆ ಎರಡೂವರೆ ಗಂಟೆಯಲ್ಲಿ ಒಳಗೆ ನಡೆಯುವ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಸ್ನಾಯುವಿನ ಒಳಗೆ ರಕ್ತದ ಸಣ್ಣ ಸಣ್ಣ ನಾಳಗಳು ಹೆಚ್ಚುತ್ತವೆ. ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಹೆಚ್ಚುತ್ತವೆ. ಮೈ ಕೊಬ್ಬನ್ನು ಉರಿಸುವುದನ್ನು ಕಲಿತು, ಸಕ್ಕರೆಯನ್ನು ಉಳಿಸಿಡುತ್ತದೆ. ಮರುದಿನ ಕಾಲಿನಲ್ಲಿ ನೋವಿರುವುದಿಲ್ಲ. ಅದೇ ಇದರ ಲಾಭ. ನೋವಿಲ್ಲದ ಕಾಲಿಟ್ಟುಕೊಂಡು ಕಠಿಣದ ದಿನಕ್ಕೆ ಹೋಗಬಹುದು.

ಕಠಿಣದ ದಿನ ಈಗ ವಾರಕ್ಕೆ ಎರಡೇ. ನಂದಿಯ ಕೆಳಭಾಗದಲ್ಲಿ ನಾಲ್ಕು ನಿಮಿಷದ ಏರಾಟ ಐದು ಸಲ, ನಡುವೆ ನಾಲ್ಕು ನಿಮಿಷ ಇಳಿದು ಸುಧಾರಿಸಿಕೊಳ್ಳುವುದು. ಮೊದಲ ಒಂದು ನಿಮಿಷ ಎಲ್ಲರಿಗೂ ಆಗುತ್ತದೆ. ಎರಡನೆಯದರಲ್ಲಿ ಉಸಿರು ಬಾಯಿಗೆ ಬರುತ್ತದೆ. ಮೂರನೇ ನಿಮಿಷ ಇದೆಯಲ್ಲ, ಅದು ಬೇರೆ ಲೋಕ. ತೊಡೆಯ ಮುಂಭಾಗ ಬಿಸಿಯಾಗಿ, ಆಮೇಲೆ ಮರದ ಹಾಗೆ ಬಿಗಿಯುತ್ತದೆ. ಬಾಯಲ್ಲಿ ಕಬ್ಬಿಣದ ರುಚಿ. ಬೆವರು ಕಣ್ಣಿಗಿಳಿದು ಮೀಟರಿನ ಅಂಕಿ ಮಸುಕಾಗುತ್ತದೆ. ರಸ್ತೆಯ ಅಂಚಿನ ಬಿಳಿ ಗೆರೆ ಮಾತ್ರ ಕಾಣುತ್ತಿರುತ್ತದೆ. ಆ ನಿಮಿಷದಲ್ಲಿ ಪೆಡಲ್ ಸುತ್ತು ನಿಮಿಷಕ್ಕೆ 85ರಿಂದ ಕೆಳಗೆ ಬೀಳದ ಹಾಗೆ ನೋಡಿಕೊಳ್ಳಬೇಕು. ನಾನು ಎಣಿಸುತ್ತೇನೆ. ಬಲಗಾಲು ಕೆಳಗೆ ಬಂದಾಗಲೆಲ್ಲ ಒಂದು. ನೂರರ ತನಕ ಎಣಿಸುವಷ್ಟರಲ್ಲಿ ಆ ನಿಮಿಷ ಕಳೆದಿರುತ್ತದೆ, ನಾಲ್ಕನೆಯದು ಹೇಗೋ ಆಗುತ್ತದೆ.

ಎಫ್‌ಟಿಪಿ ಅಂತ ಒಂದು ಅಳತೆ ಇದೆ. ಒಬ್ಬ ಸವಾರ ಸುಮಾರು ಒಂದು ಗಂಟೆ ಹಿಡಿದಿಡಬಲ್ಲ ಶಕ್ತಿ ಎಷ್ಟು ವಾಟ್ ಅಂತ. ಇಪ್ಪತ್ತು ನಿಮಿಷ ಪೂರ್ತಿ ಬಲದಿಂದ ತುಳಿದು, ಬಂದ ಸರಾಸರಿಯಲ್ಲಿ ಶೇಕಡಾ 95 ತೆಗೆದುಕೊಳ್ಳುವುದು ರೂಢಿ. ಅದನ್ನು ಮೈತೂಕದಿಂದ ಭಾಗಿಸಿದರೆ ಬೆಟ್ಟದಲ್ಲಿ ನೀವು ಏನು ಅಂತ ತಿಳಿಯುತ್ತದೆ. ನನ್ನದು 228 ವಾಟ್, ತೂಕ 68 ಕಿಲೋ. ಕಿಲೋಗೆ 3.35. ಟೂರ್ ದ ಫ್ರಾನ್ಸ್‌ನ ಬೆಟ್ಟಗಳಲ್ಲಿ ಮುಂದಿರುವವರು ಆರಕ್ಕಿಂತ ಮೇಲೆ, ಅದೂ ಮೂರು ವಾರ ಓಡಿದ ಕಾಲಿನಲ್ಲಿ. ಅಂಕಿ ಒಳ್ಳೆಯದೇ, ನಾನೂ ಇಟ್ಟುಕೊಂಡಿದ್ದೇನೆ. ಆದರೆ ಅಂಕಿಯನ್ನೇ ನೋಡುತ್ತಾ ಮುಂದಿನವನ ಹೆಗಲು ನೋಡದವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಮುಂದಿನವನು ಎದ್ದು ನಿಲ್ಲುವ ಮೊದಲು ಅವನ ಕೈ ಹ್ಯಾಂಡಲಿನ ಕೆಳಭಾಗಕ್ಕೆ ಇಳಿಯುತ್ತದೆ. ಬೆರಳು ಗೇರಿನ ಮೇಲೆ ಬರುತ್ತದೆ. ಅಟ್ಯಾಕ್, ಅಂದರೆ ಅವನು ಒಮ್ಮೆಲೇ ಜೋರು ಮಾಡಿ ಮುಂದೆ ಹಾರುವುದು, ಬರುವ ಎರಡು ಸೆಕೆಂಡ್ ಮೊದಲೇ ಗೊತ್ತಾಗುತ್ತದೆ. ಯಾವ ಮೀಟರೂ ಅದನ್ನು ತೋರಿಸುವುದಿಲ್ಲ.

ತಿನ್ನುವ ವಿಷಯ ಎರಡೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಮೈಯಲ್ಲಿ ಕೂಡಿಟ್ಟ ಸಕ್ಕರೆ ಜೋರಿನ ಓಟದಲ್ಲಿ ಒಂದೂವರೆಯಿಂದ ಎರಡು ಗಂಟೆಗೆ ಮುಗಿಯುತ್ತದೆ. ಹಸಿವಾದ ಮೇಲೆ ತಿಂದರೆ ತಡ ಆಯಿತು. ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಎರಡು ಬಾಳೆಹಣ್ಣು ಮತ್ತು ಒಂದಿಷ್ಟು ಬೆಲ್ಲದ ನೀರು. ಶೇಂಗಾ ಚಿಕ್ಕಿ ರುಚಿ ಹೌದು, ಆದರೆ ಅದರ ಎಣ್ಣೆ ಕರಗಲು ಹೊತ್ತು ಬೇಕು. ರೇಸ್ ಮುಗಿದ ಮೇಲೆ ತಿನ್ನಿ.

ಎರಡನೇ ವರ್ಷ ಅದೇ ರೇಸಿಗೆ ಹೋದೆ. ಈ ಸಲ ಗುಂಪಿನಲ್ಲಿ ಹತ್ತನೇ ಜಾಗದ ಆಸುಪಾಸು ಕೂತೆ. ಅದಕ್ಕಿಂತ ಹಿಂದೆ ಹೋದರೆ ತಿರುವಿನಲ್ಲಿ ತೊಂದರೆ. ಮುಂದಿನವರು ಬ್ರೇಕ್ ಹಾಕಿ ಮತ್ತೆ ವೇಗ ಹಿಡಿಯುವಾಗ ಹಿಂದಿನವರು ರಬ್ಬರಿನಂತೆ ಎಳೆದುಕೊಂಡು ಓಡಬೇಕು, ಪ್ರತಿ ತಿರುವಿಗೂ ಒಂದು ಸ್ಪ್ರಿಂಟ್. ಹತ್ತನೇ ಜಾಗ ಉಳಿಸಿಕೊಳ್ಳುವುದೂ ಸುಮ್ನೆ ಕೂರುವ ಕೆಲಸ ಅಲ್ಲ. ಎರಡೂ ಬದಿಯಿಂದ ಜನ ಮುಂದೆ ಹೋಗುತ್ತಲೇ ಇರುತ್ತಾರೆ. ಯಾರೋ ಒಬ್ಬರ ಗಾಲಿ ಹಿಡಿದು ನೀವೂ ಹೋಗದಿದ್ದರೆ ಐದು ನಿಮಿಷದಲ್ಲಿ ಮೂವತ್ತನೆಯವರಾಗುತ್ತೀರಿ.

35ನೇ ಕಿಲೋಮೀಟರಿನಲ್ಲಿ ಸಣ್ಣ ಏರಿನಲ್ಲಿ ಇಬ್ಬರು ಹಾರಿದರು. ನಾನೂ ಹಾರಿದೆ. ಮೂರು ಜನ, ಗುಂಪಿಗೆ 20 ಸೆಕೆಂಡ್ ಅಂತರ, ಆಮೇಲೆ 40. ಬ್ರೇಕ್‌ಅವೇ ಅಂದರೆ ಇದು. ಮೂವರೂ ಎದುರಾಳಿಗಳು. ಆದರೆ ಕೊನೆಯ ಕಿಲೋಮೀಟರ್ ತನಕ ಮೂವರೂ ಒಟ್ಟಾಗಿ ದುಡಿಯಬೇಕು, ಇಲ್ಲವೆಂದರೆ ಯಾರಿಗೂ ಏನೂ ಇಲ್ಲ. ಅರ್ಧ ನಿಮಿಷ ನಾನು ಗಾಳಿಗೆ, ಅರ್ಧ ನಿಮಿಷ ನೀನು. ಮೊದಲ ಹತ್ತು ಕಿಲೋಮೀಟರ್ ಗಡಿಯಾರದ ಹಾಗೆ ನಡೆಯಿತು. ಆಮೇಲೆ ಮೂರನೆಯವನು ತನ್ನ ಸರದಿ ಬಂದಾಗ ಬರಲಿಲ್ಲ. ತಲೆ ಅಲ್ಲಾಡಿಸಿದ. ಕಾಲಿನಲ್ಲಿ ನಿಜವಾಗಿ ಬಲ ಇರಲಿಲ್ಲವೋ, ಕೊನೆಗೆ ಉಳಿಸಿಡುತ್ತಿದ್ದನೋ, ನಮಗೆ ಹೇಗೆ ಗೊತ್ತಾಗಬೇಕು? ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಾವು ಎಳೆದರೆ ಅವನು ಗೆಲ್ಲುತ್ತಾನೆ. ನಾವೂ ನಿಧಾನಿಸಿದೆವು. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು? ರೇಸ್ ಮುಗಿಯುವ ಗೆರೆಗೆ ಮೂರು ಕಿಲೋಮೀಟರ್ ಇರುವಾಗ ಗುಂಪು ನಮ್ಮನ್ನು ನುಂಗಿತು.

ಅವತ್ತು ರಾತ್ರಿ ನಾನು 2021ರ ಟೋಕಿಯೋ ಒಲಿಂಪಿಕ್ಸ್‌ನ ಮಹಿಳೆಯರ ರೋಡ್ ರೇಸನ್ನು ಮತ್ತೆ ನೋಡಿದೆ. ಅದೆಷ್ಟನೇ ಸಲವೋ. ಸೈಕಲ್ ರೇಸ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ.

ಜುಲೈ 25. 137 ಕಿಲೋಮೀಟರ್, ಟೋಕಿಯೋದ ಮುಸಾಶಿನೊನೊಮೊರಿ ಉದ್ಯಾನದಿಂದ ಫೂಜಿ ಸ್ಪೀಡ್‌ವೇ ತನಕ. ನೆದರ್ಲೆಂಡ್ಸ್ ತಂಡದಲ್ಲಿ ನಾಲ್ಕು ಜನ. ಅನಮೀಕ್ ವಾನ್ ಫ್ಲೂಟೆನ್, ಆನಾ ವಾನ್ ಡೆರ್ ಬ್ರೆಗನ್, ಮರಿಯಾನ ವೊಸ್, ಡೆಮಿ ವೊಲ್ಲರಿಂಗ್. ನಾಲ್ವರಲ್ಲಿ ಯಾರು ಗೆದ್ದರೂ ಆಶ್ಚರ್ಯ ಇಲ್ಲ. ಆಸ್ಟ್ರಿಯಾದಿಂದ ಒಬ್ಬರೇ, ಆನಾ ಕೀಸನ್‌ಹೋಫರ್. ಗಣಿತದಲ್ಲಿ ಪಿಎಚ್‌ಡಿ ಮಾಡಿ, ಸ್ವಿಟ್ಜರ್ಲೆಂಡ್‌ನ ಲೊಸಾನ್‌ನಲ್ಲಿ ಸಂಶೋಧನೆ ಮತ್ತು ಪಾಠ ಮಾಡುತ್ತಿದ್ದವರು. ಆಗ ಯಾವ ವೃತ್ತಿಪರ ತಂಡದ ಒಪ್ಪಂದವೂ ಇರಲಿಲ್ಲ. ತನ್ನ ತರಬೇತಿಯನ್ನು ತಾನೇ ಯೋಜಿಸಿಕೊಳ್ಳುತ್ತಿದ್ದರು.

ರೇಸ್ ಶುರುವಾದ ತಕ್ಷಣವೇ ಅವರು ಹಾರಿದರು. ಇನ್ನೂ ನಾಲ್ವರು ಜೊತೆ ಸೇರಿದರು. ಹಿಂದೆ ದೊಡ್ಡ ಗುಂಪು ಬೆಲೆ ಕೊಡಲಿಲ್ಲ. ಅಂತರ ಹತ್ತು ನಿಮಿಷ ದಾಟಿತು. ಐವರು ಮೂವರಾದರು. ಉಳಿದದ್ದು ಕೀಸನ್‌ಹೋಫರ್, ಪೋಲೆಂಡ್‌ನ ಆನಾ ಪ್ಲಿಖ್ತಾ, ಇಸ್ರೇಲ್‌ನ ಓಮರ್ ಶಪೀರಾ. ಇನ್ನು 41 ಕಿಲೋಮೀಟರ್ ಇದೆ ಅನ್ನುವಾಗ ಏರಿನಲ್ಲಿ ಕೀಸನ್‌ಹೋಫರ್ ಅವರಿಬ್ಬರನ್ನೂ ಬಿಟ್ಟು ಹೋದರು. ಒಂಟಿಯಾಗಿ. ಗಾಳಿ ಪೂರ್ತಿ ತನ್ನ ಪಾಲಿಗೆ.

ಲೆಕ್ಕದ ಪ್ರಕಾರ ಇದು ಗೆಲ್ಲುವ ದಾರಿ ಅಲ್ಲ. ಹಿಂದೆ ಇರುವ ಗುಂಪು ಸರದಿ ಮೇಲೆ ದುಡಿದರೆ ಒಂಟಿ ಸವಾರನನ್ನು ಹಿಡಿದೇ ಹಿಡಿಯುತ್ತದೆ. ಆದರೆ ಗುಂಪು ದುಡಿಯಬೇಕಲ್ಲ! ನೆದರ್ಲೆಂಡ್ಸ್‌ನವರು ಎಳೆಯಲಿ ಅಂತ ಉಳಿದ ದೇಶದವರು ಕಾದರು. ಅವರ ಬಳಿ ನಾಲ್ವರಿದ್ದಾರೆ, ನಾವೇಕೆ ಬಲ ಸುರಿಯಬೇಕು? ನೆದರ್ಲೆಂಡ್ಸ್‌ನ ನಾಲ್ವರಲ್ಲೂ ಎಲ್ಲರಿಗೂ ಗೆಲ್ಲುವ ಕಾಲು. ಯಾರು ಯಾರಿಗಾಗಿ ತಮ್ಮ ದಿನವನ್ನು ಬಿಟ್ಟುಕೊಡಬೇಕು? ನಮ್ಮ ಮೂವರ ನಡುವೆ ಆದದ್ದೇ ಅಲ್ಲಿ ಜಗತ್ತಿನ ಅತ್ಯುತ್ತಮರ ನಡುವೆಯೂ ಆಯಿತು. ಅದನ್ನು ನೋಡಿದಾಗ ನನಗೆ ಸಮಾಧಾನ ಆಗಲಿಲ್ಲ, ಒಂಥರಾ ಭಯವೇ ಆಯಿತು. ಮನುಷ್ಯರ ಈ ಲೆಕ್ಕಾಚಾರಕ್ಕೆ ಮೇಲು ಕೀಳು ಇಲ್ಲ.

ಇನ್ನೊಂದು ವಿಷಯ. ವೃತ್ತಿಪರ ರೇಸುಗಳಲ್ಲಿ ಸವಾರರ ಕಿವಿಯಲ್ಲಿ ರೇಡಿಯೋ ಇರುತ್ತದೆ. ಒಲಿಂಪಿಕ್ಸ್‌ನಲ್ಲಿ ಇಲ್ಲ. ಗೆರೆಗೆ ಸುಮಾರು ಐದು ಕಿಲೋಮೀಟರ್ ಇರುವಾಗ ಗುಂಪು ಪ್ಲಿಖ್ತಾ ಮತ್ತು ಶಪೀರಾ ಅವರನ್ನು ಹಿಡಿಯಿತು. ಮುಂದೆ ಇನ್ನು ಯಾರೂ ಇಲ್ಲ ಅಂದುಕೊಂಡರು ಹಲವರು. ವಾನ್ ಫ್ಲೂಟೆನ್ ಹಾರಿ, ಎಲ್ಲರನ್ನೂ ಬಿಟ್ಟು, ಗೆರೆಯ ಮೇಲೆ ಎರಡೂ ಕೈ ಎತ್ತಿದರು. ಗೆದ್ದೆ ಅಂತಲೇ. ಕೀಸನ್‌ಹೋಫರ್ ಅದಕ್ಕೆ ಒಂದು ನಿಮಿಷ 15 ಸೆಕೆಂಡ್ ಮೊದಲೇ ಗೆರೆ ದಾಟಿ ನೆಲದ ಮೇಲೆ ಮಲಗಿಬಿಟ್ಟಿದ್ದರು. ಮೂರು ದಿನದ ನಂತರ ವಾನ್ ಫ್ಲೂಟೆನ್ ಟೈಮ್ ಟ್ರಯಲ್‌ನಲ್ಲಿ ಚಿನ್ನ ಗೆದ್ದರು. ಅಲ್ಲಿ ಲೆಕ್ಕಾಚಾರ ಇಲ್ಲ. ಒಬ್ಬ ಸವಾರ, ಒಂದು ಗಡಿಯಾರ.

ಕೀಸನ್‌ಹೋಫರ್ ಗೆದ್ದದ್ದು ಅದೃಷ್ಟದಿಂದ ಅಂತ ಬರೆದವರೂ ಇದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ. ಗುಂಪಿನೊಳಗೆ ಅಡಗಿ ಕೊನೆಯಲ್ಲಿ ಸ್ಪ್ರಿಂಟ್ ಮಾಡುವ ಕಾಲು ತನ್ನದಲ್ಲ ಅಂತ ಅವರಿಗೆ ಗೊತ್ತಿತ್ತು. ಒಂದೇ ಹದದಲ್ಲಿ ಗಂಟೆಗಟ್ಟಲೆ ತುಳಿಯುವ ಕಾಲು ತನ್ನದು ಅಂತಲೂ ಗೊತ್ತಿತ್ತು. ಟೈಮ್ ಟ್ರಯಲ್‌ನಲ್ಲಿ ಪಳಗಿದವರು ಅವರು. ಗಾಳಿಯನ್ನು ಒಂಟಿಯಾಗಿ ಎದುರಿಸಿ ಅಭ್ಯಾಸ. ಹಿಂದೆ ಇದ್ದವರಿಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಸಾಲದಿರುವಾಗ, ಒಂಟಿಯಾಗಿ ಹೋಗುವವರಿಗೆ ಯಾರನ್ನೂ ನಂಬಬೇಕಾದ ಅಗತ್ಯವೇ ಇರಲಿಲ್ಲ. ತರಬೇತಿ ಮತ್ತು ತಂತ್ರ ಬೇರೆ ಬೇರೆ ಅಂತ ನಾವು ಮಾತಾಡುತ್ತೇವೆ. ಅಲ್ಲಿ ಎರಡೂ ಒಂದೇ ಆಗಿದ್ದವು. ಗಾಳಿಗೆ ಯಾವಾಗ ಮುಖ ಕೊಡಬೇಕು ಅಂತ ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ತರಬೇತಿ ಕೊಡುತ್ತದೆ. ಉಳಿದವರಿಗೆ ಆ ಆಯ್ಕೆ ಇರುವುದಿಲ್ಲ, ಗಾಳಿ ಬಂದಾಗ ತಿನ್ನಬೇಕು.

ಮತ್ತೆ ಹೊರ್ತಿ ರಸ್ತೆಗೆ ಬರುತ್ತೇನೆ.

ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ರೇಸ್ ಅಂದರೆ ಪೇಟೆಯವರ ಹೊಸ ಹವ್ಯಾಸ ಅಲ್ಲ. ಜಾತ್ರೆಯಲ್ಲಿ ಕುಸ್ತಿ, ಬಂಡಿ ಓಟದ ಜೊತೆಗೆ ಸೈಕಲ್ ಓಟವೂ ಇರುತ್ತದೆ. ರಸ್ತೆಯ ಎರಡೂ ಕಡೆ ಊರಿಗೆ ಊರೇ ನಿಂತಿರುತ್ತದೆ. ರಾಷ್ಟ್ರಮಟ್ಟದಲ್ಲಿ ಪದಕ ತಂದ ಎಷ್ಟೋ ಮಕ್ಕಳು ಇಲ್ಲಿನ ಒಕ್ಕಲುತನದ ಮನೆಗಳವರು. ಆ ಏಳು ಹುಡುಗರಲ್ಲಿ ಇಬ್ಬರ ಸೈಕಲ್ ನನ್ನದರ ಕಾಲು ಬೆಲೆಯದ್ದೂ ಇರಲಿಲ್ಲ. ಒಬ್ಬನ ಬ್ರೇಕ್ ವೈರಿನ ತುದಿಗೆ ಬಣ್ಣದ ದಾರ ಸುತ್ತಿತ್ತು, ಎಳೆ ಬಿಚ್ಚದಿರಲಿ ಅಂತ. ಆದರೆ ಗಾಳಿಯ ಬಗ್ಗೆ ಅವರಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಮುಂಗಾರಿನಲ್ಲಿ ಬಯಲಿನ ಗಾಳಿಯೇ ಅವರಿಗೆ ದಿನದ ಪಾಠ.

ಅಡ್ಡಗಾಳಿಯಲ್ಲಿ ನೇರ ಸಾಲು ಕೆಲಸಕ್ಕೆ ಬರುವುದಿಲ್ಲ. ಗಾಳಿ ಎಡದಿಂದ ಬಂದರೆ ಆಸರೆ ಹಿಂದೆ ಇರುವುದಿಲ್ಲ, ಬಲಕ್ಕೆ ಓರೆಯಾಗಿ ಇರುತ್ತದೆ. ಹಾಗಾಗಿ ಸಾಲೂ ಓರೆಯಾಗಬೇಕು. ಮೊದಲನೆಯವನು ರಸ್ತೆಯ ಎಡ ಅಂಚಿನ ಹತ್ತಿರ, ಎರಡನೆಯವನು ಅವನ ಬಲಕ್ಕೆ ಸ್ವಲ್ಪ ಹಿಂದೆ, ಮೂರನೆಯವನು ಇನ್ನೂ ಬಲಕ್ಕೆ. ಹಾರುವ ಕೊಕ್ಕರೆಗಳ ಅರ್ಧ ಸಾಲಿನ ಹಾಗೆ. ಯುರೋಪಿನ ರೇಸುಗಳಲ್ಲಿ ಇದನ್ನು ಎಶೆಲಾನ್ ಅನ್ನುತ್ತಾರೆ. ರಸ್ತೆಯ ಅಗಲ ಮುಗಿದ ಮೇಲೆ ಬರುವವನಿಗೆ ಆಸರೆ ಇಲ್ಲ. ಅವನು ಅಂಚಿನಲ್ಲಿ ಗಾಳಿ ತಿನ್ನುತ್ತಾ ಒದ್ದಾಡಿ ಕಳಚಿಹೋಗುತ್ತಾನೆ. ದೊಡ್ಡ ದೊಡ್ಡ ರೇಸುಗಳು ಒಂದು ಏರೂ ಇಲ್ಲದೆ ಹೀಗೆ ಐದು ನಿಮಿಷದಲ್ಲಿ ಚೂರಾಗಿವೆ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಸರದಿ ಬದಲಾಗುವ ರೀತಿ. ಮುಂದಿದ್ದವನು ಸುಸ್ತಾಗಿ ಹಿಂದೆ ಬರುವಾಗ ಆಸರೆಯ ಕಡೆಗೆ ಬರುವುದಿಲ್ಲ. ಗಾಳಿಯ ಕಡೆಗೇ ಸರಿಯುತ್ತಾನೆ. ಆ ಕಡೆಯಿಂದಲೇ ನಿಧಾನವಾಗಿ ಹಿಂದಕ್ಕೆ ಇಳಿಯುತ್ತಾನೆ. ಆಗ ಅವನ ಮೈ, ಮುಂದೆ ಹೋಗುತ್ತಿರುವವರಿಗೆ ಮರೆಯಾಗುತ್ತದೆ. ಸುಸ್ತಾದವನೇ ಕೊನೆಯ ಗಳಿಗೆ ತನಕ ಬೇರೆಯವರಿಗೆ ಗಾಳಿ ತಡೆಯುತ್ತಾನೆ. ಕೊನೆಯವನು ಅವನ ಪಕ್ಕ ದಾಟುವಾಗ "ಲಾಸ್ಟ್" ಅಂತ ಕೂಗುತ್ತಾನೆ. ಅದನ್ನು ಕೇಳಿದ ಕೂಡಲೇ ಇವನು ಎರಡು ಬಿಗಿ ತುಳಿತ ಹಾಕಿ ಆ ಕೊನೆಯ ಗಾಲಿ ಹಿಡಿಯಬೇಕು. ಒಂದು ಸೆಕೆಂಡ್ ತಡವಾದರೆ ಎರಡು ಮೀಟರ್ ಅಂತರ ಬೀಳುತ್ತದೆ. ಸುಸ್ತಾದ ಕಾಲಿಗೆ ಅಡ್ಡಗಾಳಿಯಲ್ಲಿ ಎರಡು ಮೀಟರ್ ಅಂದರೆ ಎರಡು ಕಿಲೋಮೀಟರ್ ಇದ್ದ ಹಾಗೆ.

ಝಳಕಿ ಹತ್ತಿರ ಬರುತ್ತಿದ್ದಾಗ ಕೋಚ್ ಮತ್ತೆ ಪಕ್ಕಕ್ಕೆ ಬಂದರು. "ಸರ್, ನೀವೂ ಮುಂದ ಹೋಗ್ರಿ. ಭಾಳ ಹೊತ್ತು ಬ್ಯಾಡ. ಇಪ್ಪತ್ತು ತುಳಿತ ಸಾಕು. ಜೋರ್ ಮಾಡಬ್ಯಾಡ್ರಿ, ಇದ್ದ ಸ್ಪೀಡ್ ಕಾಯೀರಿ."

ನನ್ನ ಮುಂದಿದ್ದ ಹುಡುಗ ಬಲ ಮೊಣಕೈ ಅಲುಗಿಸಿ ಎಡಕ್ಕೆ ಸರಿದ. ಗಾಳಿ ಒಮ್ಮೆಲೇ ಬಂದು ಎಡಗೆನ್ನೆಗೆ ಬಡಿಯಿತು, ಹೆಲ್ಮೆಟ್ಟಿನ ಪಟ್ಟಿ ಪಟಪಟ ಅಂದಿತು. ಮೊದಲ ರೇಸಿನಲ್ಲಿ ಮಾಡಿದ ಹಾಗೆ ಎದ್ದು ಎಳೆಯಬೇಕು ಅನ್ನಿಸಿತು. ತಡೆದೆ. ಮೀಟರಿನಲ್ಲಿ 36 ಇತ್ತು, 36ರಲ್ಲೇ ಇಟ್ಟೆ. ಬಲಗಾಲು ಕೆಳಗೆ ಬಂದಾಗಲೆಲ್ಲ ಒಂದೊಂದು ಎಣಿಸಿದೆ. ಇಪ್ಪತ್ತಾಯಿತು. ಬಲ ಮೊಣಕೈ ಅಲುಗಿಸಿ, ಎಡಕ್ಕೆ, ಗಾಳಿಯ ಕಡೆಗೆ ಸರಿದು ಕಾಲು ಸಡಿಲ ಮಾಡಿದೆ.

ಹುಡುಗರು ಒಬ್ಬೊಬ್ಬರಾಗಿ ನನ್ನ ಬಲಗಡೆಯಿಂದ ಮುಂದೆ ಹೋದರು. ಯಾರೂ ನನ್ನ ಕಡೆ ನೋಡಲಿಲ್ಲ, ಎಲ್ಲರ ಕಣ್ಣೂ ಮುಂದಿನ ಗಾಲಿಯ ಮೇಲೆ. ಬ್ರೇಕ್ ವೈರಿಗೆ ದಾರ ಸುತ್ತಿದ ಹುಡುಗ ಕೊನೆಯವನು. ಪಕ್ಕಕ್ಕೆ ಬಂದಾಗ "ಲಾಸ್ಟ್" ಅಂತ ಕೂಗಿದ. ಆಮೇಲೆ ಸ್ವಲ್ಪ ಎಡಕ್ಕೆ ಒತ್ತಿ, ತನ್ನ ಬಲಕ್ಕೆ, ರಸ್ತೆಯ ಬಿಳಿ ಗೆರೆಗೂ ಅವನಿಗೂ ನಡುವೆ ಒಂದು ಮೊಳದಷ್ಟು ದಾರಿ ಬಿಟ್ಟ.

"ಬರ್ರಿ ಸರ," ಅಂದ. "ಜಾಗ ಐತಿ."